ಲೋಟ ಎತ್ತಿದಾಗ ನಡುಕವೋ, ಕೆಳಗಿಟ್ಟಾಗ ನಡುಕವೋ?

ರಟ್ಟೀಹಳ್ಳಿಯ ಚಹಾದಂಗಡಿಯಲ್ಲಿ ಇಬ್ಬರು ಹಿರಿಯರು ಎದುರುಬದುರು ಕೂತಿದ್ದಾರೆ ಎಂದುಕೊಳ್ಳಿ. ಇಬ್ಬರ ಕೈಯೂ ನಡುಗುತ್ತದೆ. ಒಬ್ಬರ ಕೈ ತೊಡೆಯ ಮೇಲೆ ಸುಮ್ಮನೆ ಇದ್ದಾಗಲೇ ಜಪಮಣಿ ಎಣಿಸುವಂತೆ ಹೆಬ್ಬೆರಳು ತೋರುಬೆರಳಿನ ಮೇಲೆ ಆಡುತ್ತಿರುತ್ತದೆ. ಲೋಟ ಹಿಡಿಯಲು ಕೈ ಚಾಚಿದರೆ ಆ ಆಟ ಬಹುಮಟ್ಟಿಗೆ ನಿಲ್ಲುತ್ತದೆ. ಇನ್ನೊಬ್ಬರ ಕೈ ತೊಡೆಯ ಮೇಲಿರುವಾಗ ಅಲುಗಾಡುವುದೇ ಇಲ್ಲ. ಲೋಟ ಬಾಯಿಯ ಹತ್ತಿರ ಬರುತ್ತಿದ್ದಂತೆ ಚಹಾ ತುಳುಕಿ ಧೋತರಕ್ಕೆ ಬೀಳುತ್ತದೆ. ನೋಡಿದವರು ಇಬ್ಬರಿಗೂ ಹೇಳುವುದು ಒಂದೇ ಮಾತು: "ವಯಸ್ಸಾತಲ್ಲ, ನರ ವೀಕ್ ಆಗ್ಯಾವ." ಇಬ್ಬರಿಗೂ ಸಿಗುವುದು ಅದೇ ಶಕ್ತಿ ಇಂಜೆಕ್ಷನ್.

ಇಬ್ಬರದೂ ಬೇರೆ ಬೇರೆ ಕಾಯಿಲೆ. ಮೊದಲನೆಯವರದು ಪಾರ್ಕಿನ್ಸನ್ ಇರಬಹುದು. ಎರಡನೆಯವರದು ಹಲವೊಮ್ಮೆ ಮನೆತನದಲ್ಲಿ ಹರಿದುಬರುವ, ಕೆಲಸ ಮಾಡುವಾಗ ಮಾತ್ರ ಕಾಣುವ ನಡುಕವಿರಬಹುದು. ವೈದ್ಯರು ಅದನ್ನು ಎಸೆನ್ಶಿಯಲ್ ಟ್ರೆಮರ್ ಎನ್ನುತ್ತಾರೆ. ಒಂದಕ್ಕೆ ಕೊಡುವ ಮಾತ್ರೆ ಇನ್ನೊಂದಕ್ಕೆ ನಾಟುವುದಿಲ್ಲ. ಇಷ್ಟು ದೊಡ್ಡ ವ್ಯತ್ಯಾಸವನ್ನು ಮೊದಲು ಹಿಡಿಯುವುದು ಸ್ಕ್ಯಾನಿಂಗ್ ಯಂತ್ರವಲ್ಲ, ಎದುರು ಕೂತು ನೋಡುವ ಕಣ್ಣು. ನರರೋಗ ತಜ್ಞರು ಇಂದಿಗೂ ಪಾರ್ಕಿನ್ಸನ್ ಅನ್ನು ಮುಖ್ಯವಾಗಿ ನೋಡಿ, ಕೇಳಿ, ನಡೆಸಿಯೇ ಗುರುತಿಸುತ್ತಾರೆ. ತಜ್ಞರು ನೋಡುವುದು ಹತ್ತು ನಿಮಿಷ, ಮನೆಯವರು ನೋಡುವುದು ದಿನವಿಡೀ. ಹಾಗಾಗಿ ಮನೆಯವರು ಏನನ್ನು ಗಮನಿಸಬೇಕು, ಯಾವುದಕ್ಕೆ ಓಡಬೇಕು, ಯಾವುದಕ್ಕೆ ತಾಳ್ಮೆ ಬೇಕು ಎಂಬುದನ್ನು ಇಲ್ಲಿ ನೋಡೋಣ.

ರೊಟ್ಟಿ ಬಡಿಯುವ ಕೈಯ ಹಿಂದೆ

ಅಡುಗೆಮನೆಯಲ್ಲಿ ಅವ್ವ ಜೋಳದ ರೊಟ್ಟಿ ಬಡಿಯುವುದನ್ನು ನೋಡಿ. ಬಲಗೈ ಬಡಿಯುತ್ತದೆ, ಎಡಗೈ ತಿರುಗಿಸುತ್ತದೆ, ಕಣ್ಣು ಒಲೆಯ ಮೇಲೆ, ಮಾತು ಪಕ್ಕದ ಮನೆಯವರ ಜೊತೆ. ಈ ಒಂದು ಕೆಲಸಕ್ಕೆ ಮೆದುಳಿನ ಕನಿಷ್ಠ ಮೂರು ಭಾಗ ದುಡಿಯುತ್ತವೆ.

ಅಪ್ಪಣೆ ಹೊರಡುವುದು ಮೆದುಳಿನ ಮೇಲ್ಪದರದಿಂದ. ಹೆಚ್ಚುಕಡಿಮೆ ಕಿವಿಯಿಂದ ನೆತ್ತಿಯವರೆಗೆ ಹರಡಿದ ಒಂದು ಪಟ್ಟಿ ಅದು. ಬೆರಳು, ತುಟಿ, ನಾಲಿಗೆಗೆ ಅಲ್ಲಿ ಹೆಚ್ಚು ಜಾಗ, ಬೆನ್ನು ತೊಡೆಗಳಿಗೆ ಕಡಿಮೆ. ನಾಜೂಕು ಕೆಲಸ ಎಲ್ಲಿದೆಯೋ ಅಲ್ಲಿಗೆ ಹೆಚ್ಚು ಜಾಗ. ಅಲ್ಲಿಂದ ಇಳಿಯುವ ಎಳೆಗಳಲ್ಲಿ ಹೆಚ್ಚಿನವು ಮೆದುಳಿನ ಬುಡದಲ್ಲಿ ಪಕ್ಕ ಬದಲಿಸಿ ಬೆನ್ನುಹುರಿಗೆ ಸೇರುತ್ತವೆ. ಎಡ ಮೆದುಳಿಗೆ ಪೆಟ್ಟಾದರೆ ಬಲಗೈ ಬೀಳುವುದು ಇದರಿಂದ.

ಅಳತೆ ತಪ್ಪದಂತೆ ನೋಡಿಕೊಳ್ಳುವುದು ತಲೆಯ ಹಿಂಬದಿಯ ಕಿರುಮೆದುಳು. ಗಾತ್ರದಲ್ಲಿ ಕಿರಿದು, ಆದರೆ ಮೆದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ 6,900 ಕೋಟಿಯಷ್ಟು ಇಲ್ಲೇ ಇವೆ. ಕೈ ಎಷ್ಟು ದೂರ ಹೋಗಬೇಕು, ಯಾವಾಗ ನಿಲ್ಲಬೇಕು ಎಂಬ ಲೆಕ್ಕ ಇದರದು. ಕುಡಿದವನು ತೂರಾಡುವುದು, ಮಾತು ತೊದಲುವುದು ಹೆಂಡ ಈ ಕಿರುಮೆದುಳನ್ನು ಮಂಕು ಮಾಡುವುದರಿಂದ.

ಮೂರನೆಯದು ಮೆದುಳಿನ ಆಳದಲ್ಲಿರುವ ನರಗಂಟುಗಳು. ಯಾವ ಚಲನೆಯನ್ನು ಬಿಡಬೇಕು, ಯಾವುದನ್ನು ತಡೆಹಿಡಿಯಬೇಕು ಎಂಬುದು ಇವುಗಳ ಕೆಲಸ. ಎತ್ತಿನ ಹಗ್ಗ ಹಿಡಿದವನು ಒಂದನ್ನು ಸಡಿಲಿಸಿ ಇನ್ನೊಂದನ್ನು ಬಿಗಿ ಹಿಡಿಯುವ ಹಾಗೆ. ನೂರಾರು ಸಲ ಮಾಡಿ ರೂಢಿಯಾದ ಕೆಲಸವನ್ನು ಯೋಚಿಸದೆ ಮಾಡಿಸುವುದೂ ಇವೇ. ಅವ್ವ ಮಾತಾಡುತ್ತಲೇ ರೊಟ್ಟಿ ಬಡಿಯಬಲ್ಲಳು, ಹೊಸ ಸೊಸೆಗೆ ಅದು ಆಗದು. ಈ ಗಂಟುಗಳ ಕೆಲಸ ಸಲೀಸಾಗಿ ನಡೆಯಲು ಡೋಪಮಿನ್ ಎಂಬ ರಾಸಾಯನಿಕ ಬೇಕು. ಅದನ್ನು ಒದಗಿಸುವ ಕೋಶಗಳು ನಡುಮೆದುಳಿನಲ್ಲಿ ಬರಿಗಣ್ಣಿಗೂ ಕಪ್ಪಾಗಿ ಕಾಣುವ ಒಂದು ಚಿಕ್ಕ ಜಾಗದಲ್ಲಿವೆ.

ಇನ್ನು ನೆನಪಿಟ್ಟುಕೊಳ್ಳುವುದು ಸುಲಭ. ಮೇಲ್ಪದರ ಅಥವಾ ಅದರ ಎಳೆ ಕೆಟ್ಟರೆ ಶಕ್ತಿ ಹೋಗುತ್ತದೆ. ಕಿರುಮೆದುಳು ಕೆಟ್ಟರೆ ಶಕ್ತಿ ಇದ್ದೂ ಅಳತೆ ತಪ್ಪುತ್ತದೆ. ನರಗಂಟುಗಳು ಕೆಟ್ಟರೆ ಶಕ್ತಿ, ಅಳತೆ ಎರಡೂ ಇದ್ದೂ ಚಲನೆ ನಿಧಾನವಾಗುತ್ತದೆ, ಇಲ್ಲವೇ ಬೇಡದ ಚಲನೆ ತಾನಾಗಿ ಬರುತ್ತದೆ. "ಕೈ ಸರಿ ಇಲ್ಲ" ಎಂದು ವೈದ್ಯರಿಗೆ ಹೇಳುವ ಮುನ್ನ ಈ ಮೂರರಲ್ಲಿ ಯಾವುದು ಎಂದು ಯೋಚಿಸಿದರೆ ಅರ್ಧ ದಾರಿ ಸವೆದಂತೆ.

ಒಂದೇ ಕ್ಷಣದಲ್ಲಿ ಬಿದ್ದರೆ: ಲಕ್ವಾ

ಚಲನೆ ಕೆಡುವ ಕಾಯಿಲೆಗಳಲ್ಲಿ ಗಡಿಯಾರ ನೋಡಿ ಓಡಬೇಕಾದದ್ದು ಪಾರ್ಶ್ವವಾಯು, ನಮ್ಮ ಕಡೆಯ ಮಾತಿನಲ್ಲಿ ಲಕ್ವಾ. ಮೆದುಳಿನ ರಕ್ತನಾಳ ಕಟ್ಟಿಕೊಳ್ಳುತ್ತದೆ ಅಥವಾ ಒಡೆಯುತ್ತದೆ. ಗುರುತಿಸಲು ಮೂರು ಪರೀಕ್ಷೆ ಸಾಕು. ನಗಲು ಹೇಳಿ, ಬಾಯಿ ಒಂದು ಕಡೆಗೆ ಸೊಟ್ಟಗಾಯಿತೇ? ಎರಡೂ ಕೈ ಮುಂದೆ ಚಾಚಲು ಹೇಳಿ, ಒಂದು ಕೆಳಗಿಳಿಯಿತೇ? ತಮ್ಮ ಹೆಸರು, ಊರು ಹೇಳಲು ಹೇಳಿ, ಮಾತು ತೊದಲಿತೇ? ಒಂದಕ್ಕಾದರೂ ಹೌದು ಎಂದಾದರೆ 108ಕ್ಕೆ ಕರೆ ಮಾಡಿ. ತಟ್ಟನೆ ಕಣ್ಣು ಕಾಣದಾಗುವುದು, ನಿಂತಲ್ಲೇ ತೂಕ ತಪ್ಪಿ ಬೀಳುವುದೂ ಇದೇ ಸಾಲಿಗೆ ಸೇರುತ್ತವೆ.

ನಾಳ ಕಟ್ಟಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ, ಆದರೆ ಅದನ್ನು ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಕೊಡುವ ಮೊದಲು ಸಿಟಿ ಸ್ಕ್ಯಾನ್ ಆಗಲೇಬೇಕು. ಕಟ್ಟಿದೆಯೋ ಒಡೆದಿದೆಯೋ ಹೊರಗಿನಿಂದ ತಿಳಿಯದು, ಒಡೆದ ನಾಳಕ್ಕೆ ಈ ಔಷಧ ಹೋದರೆ ಜೀವಕ್ಕೇ ಕುತ್ತು. ಆದ್ದರಿಂದ ಮನೆಯಲ್ಲೇ ಆಸ್ಪಿರಿನ್ ನುಂಗಿಸಬೇಡಿ. ನುಂಗುವ ಶಕ್ತಿ ಕುಗ್ಗಿರಬಹುದು, ನೀರು, ಚಹಾ ಕುಡಿಸಬೇಡಿ. ರಟ್ಟೀಹಳ್ಳಿ, ಮಾಸೂರು, ಹಿರೇಕೆರೂರು ಕಡೆಯವರಿಗೆ ರಾಣೆಬೆನ್ನೂರು, ಹಾವೇರಿ, ದಾವಣಗೆರೆ, ಶಿವಮೊಗ್ಗ ಬೇರೆ ಬೇರೆ ದಿಕ್ಕಿಗಿವೆ. ಯಾವ ಆಸ್ಪತ್ರೆಯಲ್ಲಿ ರಾತ್ರಿಯೂ ಸಿಟಿ ಸ್ಕ್ಯಾನ್ ನಡೆಯುತ್ತದೆ, ಹೆಪ್ಪು ಕರಗಿಸುವ ಇಂಜೆಕ್ಷನ್ ಎಲ್ಲಿದೆ ಎಂದು ಇವತ್ತೇ, ಮನೆಯಲ್ಲಿ ಎಲ್ಲರೂ ಚೆನ್ನಾಗಿರುವಾಗಲೇ, ಫೋನ್ ಮಾಡಿ ಕೇಳಿಟ್ಟುಕೊಳ್ಳಿ. ಬಿಪಿ, ಸಕ್ಕರೆ ಕಾಯಿಲೆ ಇರುವವರ ಮನೆಯಲ್ಲಂತೂ ಆ ನಂಬರ್ ಗೋಡೆಯ ಮೇಲಿರಲಿ.

ಅಲ್ಲಿಗೆ ಹೋದಾಗ ವೈದ್ಯರು ಮೊದಲು ಕೇಳುವುದು "ಯಾವಾಗ ಬಿದ್ದರು" ಎಂದಲ್ಲ, "ಕೊನೆಯ ಸಲ ಸರಿಯಾಗಿ ಇದ್ದದ್ದನ್ನು ಯಾವಾಗ ನೋಡಿದಿರಿ" ಎಂದು. ರಾತ್ರಿ ಹತ್ತಕ್ಕೆ ಮಲಗಿದವರು ಬೆಳಗ್ಗೆ ಆರಕ್ಕೆ ಎದ್ದಾಗ ಕೈ ಬಿದ್ದಿದ್ದರೆ ಲೆಕ್ಕ ಹತ್ತರಿಂದಲೇ ಶುರು. ಹೊತ್ತು ಮೀರಿತು ಎಂದು ಮನೆಯಲ್ಲೇ ಕೂರಬೇಡಿ. ದೊಡ್ಡ ನಾಳದ ಹೆಪ್ಪನ್ನು ತಂತಿ ತೂರಿಸಿ ತೆಗೆಯುವ ಚಿಕಿತ್ಸೆ ಕೆಲವರಿಗೆ 24 ಗಂಟೆಯವರೆಗೂ ಸಾಧ್ಯ.

ಪಾರಿವಾಳದ ರಕ್ತ ಹಚ್ಚಿಸಲು, ನಾಟಿ ಎಣ್ಣೆ ತಿಕ್ಕಿಸಲು ದಾರಿ ಹಿಡಿದವರು ಕಳೆದುಕೊಳ್ಳುವುದು ಈ ಗಂಟೆಗಳನ್ನೇ. "ನಮ್ಮ ಮಾವಗ ಅಲ್ಲೇ ವಾಸಿ ಆತು" ಎಂಬ ಮಾತು ಸುಳ್ಳಿರಲಿಕ್ಕಿಲ್ಲ. ಮುಖದ ನರ ಮಾತ್ರ ಊದಿಕೊಂಡು ಬಾಯಿ ಸೊಟ್ಟಗಾಗುವ ಬೆಲ್ಸ್ ಪಾಲ್ಸಿ ಎಂಬ ಬೇರೆ ಕಾಯಿಲೆ ಇದೆ. ಅದು ಬಹಳ ಮಂದಿಗೆ ಕೆಲವು ವಾರ, ತಿಂಗಳಲ್ಲಿ ತಾನಾಗಿ ವಾಸಿಯಾಗುತ್ತದೆ, ಕೀರ್ತಿ ಎಣ್ಣೆಗೆ ಹೋಗುತ್ತದೆ. ಅದರಲ್ಲಿ ಹಣೆಯ ಆ ಬದಿಯ ಸುಕ್ಕೂ ಹೋಗಿರುತ್ತದೆ, ಕಣ್ಣೂ ಪೂರ್ತಿ ಮುಚ್ಚದು, ಕೈಕಾಲಿಗೆ ಏನೂ ಆಗಿರುವುದಿಲ್ಲ. ಲಕ್ವಾದಲ್ಲಿ ಸಾಮಾನ್ಯವಾಗಿ ಹಣೆಯ ಸುಕ್ಕು ಉಳಿದಿರುತ್ತದೆ. ಆದರೂ ಇದನ್ನು ತೀರ್ಮಾನಿಸುವ ಕೆಲಸ ಆಸ್ಪತ್ರೆಯದು.

ನಿಧಾನವಾಗಿ ಬಂದರೆ: ಪಾರ್ಕಿನ್ಸನ್

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಈ ಕಾಯಿಲೆಯ ಬಗ್ಗೆ ಬರೆದಾಗ ಅವರ ಬಳಿಯೂ ಯಂತ್ರವಿರಲಿಲ್ಲ. ಅವರು ವಿವರಿಸಿದ ಆರು ರೋಗಿಗಳಲ್ಲಿ ಕೆಲವರನ್ನು ಬೀದಿಯಲ್ಲಿ ಕಂಡೇ ಗುರುತಿಸಿದ್ದರು. ನಮ್ಮ ಆಯುರ್ವೇದದಲ್ಲಿ ಕಂಪವಾತ ಎಂಬ ಹೆಸರಿದೆ. ಕಪ್ಪು ಜಾಗದ ಡೋಪಮಿನ್ ಕೋಶಗಳು ವರ್ಷಗಟ್ಟಲೆ ಸಾಯುತ್ತ ಹೋಗಿ, ಅರ್ಧದಷ್ಟು ಅಥವಾ ಇನ್ನೂ ಹೆಚ್ಚು ಹೋದ ಮೇಲೆ ಕೈಕಾಲಿನಲ್ಲಿ ಲಕ್ಷಣ ಕಾಣುತ್ತದೆ. ಎಲ್ಲರಿಗೂ ನಡುಕ ಇರಲೇಬೇಕೆಂದಿಲ್ಲ. ಮುಖ್ಯ ಲಕ್ಷಣ ನಿಧಾನ.

ಅದನ್ನು ಮನೆಯಲ್ಲಿ ಹೀಗೆ ಗಮನಿಸಿ. ನಡೆಯುವಾಗ ಒಂದು ಕೈ ಬೀಸದೆ ಮೈಗೆ ಅಂಟಿಕೊಂಡಿದೆಯೇ? ಒಂದೇ ಕಾಲಿನ ಚಪ್ಪಲಿ ಪದೇ ಪದೇ ಜಾರಿ ಹೋಗುತ್ತದೆಯೇ? ಪಿಂಚಣಿ ತರಲು ಹೋದಾಗ ಸಹಿ ಹೊಂದುತ್ತಿಲ್ಲ ಎಂದು ಬ್ಯಾಂಕಿನವರು ವಾಪಸು ಕಳಿಸಿದರೇ? ಅಕ್ಷರ ಸಾಲಿನ ಕೊನೆಗೆ ಹೋದಂತೆ ಸಣ್ಣದಾಗುವುದು ಈ ಕಾಯಿಲೆಯ ಗುರುತು. ಅಂಗಿಯ ಗುಂಡಿ ಹಾಕಲು, ರೊಟ್ಟಿ ಮುರಿಯಲು ಹೊತ್ತು ಹಿಡಿಯುತ್ತದೆಯೇ? ಮುಖದಲ್ಲಿ ನಗು ಕಡಿಮೆಯಾಗಿ "ಅಜ್ಜ ಸಿಟ್ಟಾಗ್ಯಾನ" ಎಂದು ಮೊಮ್ಮಕ್ಕಳು ಹೇಳುತ್ತವೆಯೇ? ಇವೆಲ್ಲ ಸಾಮಾನ್ಯವಾಗಿ ಒಂದು ಪಕ್ಕದಿಂದ ಶುರುವಾಗುತ್ತವೆ. ಎಷ್ಟೋ ಮಂದಿ ಮೊದಲು ಹೋಗುವುದು ಹೆಗಲು ಬಿಗಿದಿದೆ ಎಂದು ಎಲುಬಿನ ಡಾಕ್ಟರ್ ಹತ್ತಿರ.

ಇನ್ನೂ ಮುಂಚೆ, ಕೆಲವೊಮ್ಮೆ ವರ್ಷಗಳ ಮುಂಚೆ, ಬರುವ ಸೂಚನೆಗಳಿವೆ. ಒಗ್ಗರಣೆಯ ವಾಸನೆ ತಿಳಿಯದಿರುವುದು, ಬಿಡದ ಮಲಬದ್ಧತೆ, ನಿದ್ದೆಯಲ್ಲಿ ಕನಸಿನ ಜೊತೆಗೆ ಕೂಗುವುದು, ಒದೆಯುವುದು. ಇವು ಬಂದವರಿಗೆಲ್ಲ ಪಾರ್ಕಿನ್ಸನ್ ಬರುತ್ತದೆಂದಲ್ಲ. ನಿಧಾನದ ಜೊತೆಗೆ ಇವೂ ಇದ್ದರೆ ವೈದ್ಯರಿಗೆ ಹೇಳಿ.

ಮೊದಲು ಮಾತ್ರೆಯ ಚೀಟಿ ನೋಡಿ

ಔಷಧದಿಂದಲೇ ಪಾರ್ಕಿನ್ಸನ್ ಥರದ ಲಕ್ಷಣ ಬರಬಹುದು. ತಲೆಸುತ್ತಿಗೆ ತಿಂಗಳುಗಟ್ಟಲೆ ನುಂಗುವ ಸಿನ್ನರಿಜಿನ್, ಮೈಗ್ರೇನಿಗೆ ಕೊಡುವ ಫ್ಲೂನರಿಜಿನ್, ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ಮಾನಸಿಕ ಕಾಯಿಲೆಯ ಹ್ಯಾಲೊಪೆರಿಡಾಲ್ ಇವೆಲ್ಲ ಡೋಪಮಿನ್ನಿನ ಕೆಲಸಕ್ಕೆ ಅಡ್ಡ ಬರಬಲ್ಲವು. ವೈದ್ಯರ ಸಲಹೆಯಂತೆ ಬಿಟ್ಟರೆ ಎಷ್ಟೋ ಮಂದಿಯಲ್ಲಿ ಲಕ್ಷಣ ಇಳಿಯುತ್ತದೆ, ಆದರೆ ತಿಂಗಳುಗಳು ಬೇಕಾಗಬಹುದು. ಮಾನಸಿಕ ಕಾಯಿಲೆಯ ಮಾತ್ರೆಯನ್ನು ಮಾತ್ರ ನೀವಾಗಿ ಬಿಡಬೇಡಿ. ದಮ್ಮಿನ ಔಷಧ, ಥೈರಾಯ್ಡ್ ಏರಿಕೆ, ಸಕ್ಕರೆ ಇಳಿಕೆ, ದಿನಾ ಕುಡಿಯುವವರು ಒಮ್ಮೆಲೆ ಕುಡಿತ ನಿಲ್ಲಿಸುವುದು, ಇವೂ ಕೈ ನಡುಗಿಸುತ್ತವೆ. ಆಸ್ಪತ್ರೆಗೆ ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆಯ ಹಾಳೆ, ಸೀಸೆಗಳನ್ನು ಒಂದು ಕೈಚೀಲಕ್ಕೆ ಹಾಕಿಕೊಂಡು ಹೋಗಿ.

ಎಸೆನ್ಶಿಯಲ್ ಟ್ರೆಮರ್‌ಗೆ ಪ್ರೊಪ್ರನಲಾಲ್‌ನಂಥ ಮಾತ್ರೆಗಳಿವೆ. ದಮ್ಮು ಇರುವವರಿಗೆ ಅದು ಆಗದು, ಮುಂಚೆಯೇ ಹೇಳಿ. "ನಮ್ಮಪ್ಪಗೂ ಹಿಂಗ ಇತ್ತು" ಎಂಬ ಒಂದು ಸಾಲು ಇಲ್ಲಿ ದೊಡ್ಡ ಸುಳಿವು.

ಹದಿಹರೆಯದಲ್ಲಿ ಕಂಡರೆ: ವಿಲ್ಸನ್

ಓದುವ ಹುಡುಗನ ಅಕ್ಷರ ಇದ್ದಕ್ಕಿದ್ದಂತೆ ಕೆಟ್ಟಿತು. ಜೊಲ್ಲು ಸುರಿಯುತ್ತದೆ, ಮಾತು ತೊದಲುತ್ತದೆ, ಕೈ ನಡುಗುತ್ತದೆ, ಸಿಟ್ಟು ಹೆಚ್ಚಾಗಿದೆ. ಮನೆಯವರು "ಗಾಳಿ ಸೋಂಕೈತಿ" ಎಂದು ದೇವರ ಗುಡಿಗಳಿಗೆ ಅಲೆಯುತ್ತಾರೆ. ಇದು ವಿಲ್ಸನ್ ಕಾಯಿಲೆ ಇರಬಹುದು. ದೇಹ ಹೆಚ್ಚುವರಿ ತಾಮ್ರವನ್ನು ಹೊರಹಾಕಲಾರದೆ ಅದು ಯಕೃತ್ತು, ಮೆದುಳಿನ ನರಗಂಟು, ಕಣ್ಣಿನ ಅಂಚಿನಲ್ಲಿ ಸೇರಿಕೊಳ್ಳುತ್ತದೆ. ಕಣ್ಣಿನ ಕರಿಗುಡ್ಡೆಯ ಸುತ್ತ ಕಂದು ಹಸಿರು ಬಳೆಯನ್ನು ಕಣ್ಣಿನ ವೈದ್ಯರು ಹುಡುಕುತ್ತಾರೆ. ಚಲನೆ ಕೆಡಿಸುವ ವಂಶಪಾರಂಪರ್ಯದ ಕಾಯಿಲೆಗಳಲ್ಲಿ ಔಷಧಕ್ಕೆ ಬಗ್ಗುವ ಅಪರೂಪದ್ದು ಇದು. ಬೇಗ ಹಿಡಿದರೆ ಸತು ಅಥವಾ ತಾಮ್ರ ಹೊರಹಾಕುವ ಮಾತ್ರೆಗಳಿಂದ ಹುಡುಗ ಮತ್ತೆ ಶಾಲೆಗೆ ಹೋಗಬಲ್ಲ, ಮಾತ್ರೆ ಮಾತ್ರ ಬದುಕಿಡೀ ಬೇಕು.

ತಂದೆ ತಾಯಿ ಇಬ್ಬರೂ ದೋಷಯುಕ್ತ ಜೀನ್‌ನ ಒಂದೊಂದು ಪ್ರತಿ ಹೊತ್ತಿದ್ದರೆ ಪ್ರತಿ ಮಗುವಿಗೂ ನಾಲ್ಕರಲ್ಲೊಂದು ಪಾಲು ಈ ಕಾಯಿಲೆಯ ಸಾಧ್ಯತೆ. ಸೋದರಮಾವ, ಅತ್ತೆಯ ಮಗ ಎಂದು ಒಳಗೊಳಗೇ ಸಂಬಂಧ ಬೆಳೆಸುವ ನಮ್ಮ ಭಾಗದಲ್ಲಿ ಇಂಥ ಜೋಡಿ ಕೂಡುವುದು ಸುಲಭ. ಒಬ್ಬರಲ್ಲಿ ಕಂಡರೆ ಅಣ್ಣ ತಮ್ಮ, ಅಕ್ಕ ತಂಗಿಯರನ್ನೆಲ್ಲ, ಲಕ್ಷಣ ಇಲ್ಲದಿದ್ದರೂ, ಪರೀಕ್ಷೆ ಮಾಡಿಸಬೇಕು.

ಹರೆಯದ ಹುಡುಗರಿಗೆ ಬರುವ ಇನ್ನೊಂದು ತೊಂದರೆಯನ್ನು ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು 1984ರಲ್ಲಿ ವಿವರಿಸಿದರು. ಡಾ. ಎಂ. ಗೌರಿದೇವಿ ಮತ್ತು ಸಂಗಡಿಗರು ಅದನ್ನು ಮೊನೊಮೆಲಿಕ್ ಅಮಯೊಟ್ರೊಫಿ ಎಂದು ಕರೆದರು. ಒಂದೇ ಕೈ ಅಥವಾ ಒಂದೇ ಕಾಲು ನೋವಿಲ್ಲದೆ ಸೊರಗುತ್ತದೆ, ಕೆಲವು ವರ್ಷ ಮುಂದುವರಿದು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ. ಇದು ಮೆದುಳಿನ ಅಪ್ಪಣೆಯನ್ನು ಸ್ನಾಯುವಿಗೆ ಮುಟ್ಟಿಸುವ ಬೆನ್ನುಹುರಿಯ ಕೋಶಗಳ ಕಾಯಿಲೆ.

ಬೆಳೆಗೆ ಎಣ್ಣೆ ಹೊಡೆಯುವವರಿಗೆ

ಗೌರಿದೇವಿಯವರ ತಂಡ ಬೆಂಗಳೂರು ನಗರ ಮತ್ತು ಸುತ್ತಲ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ 1,02,557 ಜನರನ್ನು ಸಮೀಕ್ಷೆ ಮಾಡಿತು. 2004ರಲ್ಲಿ ಪ್ರಕಟವಾದ ಲೆಕ್ಕದಂತೆ ನರಸಂಬಂಧಿ ಕಾಯಿಲೆ ನಗರದಲ್ಲಿ ಲಕ್ಷಕ್ಕೆ 2,190 ಮಂದಿಗಿದ್ದರೆ ಹಳ್ಳಿಯಲ್ಲಿ 4,070 ಮಂದಿಗೆ. ತಜ್ಞರು ಹೆಚ್ಚಿರುವುದು ನಗರದಲ್ಲಿ, ಕಾಯಿಲೆ ಹೆಚ್ಚಿರುವುದು ಹಳ್ಳಿಯಲ್ಲಿ.

ಹಳ್ಳಿಯವರು ಎಚ್ಚರ ವಹಿಸಬೇಕಾದ ಒಂದು ಅಪಾಯ ಹೊಲದಲ್ಲೇ ಇದೆ. ಹತ್ತಿ, ಗೋವಿನಜೋಳದ ಸೀಮೆಯಲ್ಲಿ ಎಣ್ಣೆ, ಅಂದರೆ ಕೀಟನಾಶಕ, ಕಳೆನಾಶಕ, ಹೊಡೆಯದ ರೈತರಿಲ್ಲ. ಪ್ಯಾರಾಕ್ವಾಟ್ ಎಂಬ ಕಳೆನಾಶಕಕ್ಕೂ ಪಾರ್ಕಿನ್ಸನ್‌ಗೂ ನಂಟಿದೆ ಎಂದು ಹಲವು ದೇಶಗಳ ಅಧ್ಯಯನಗಳು ಹೇಳಿವೆ. ಬಳಸಿದವರಿಗೆಲ್ಲ ಬರುತ್ತದೆಂದಲ್ಲ, ಅಪಾಯ ಏರಬಹುದು. ಗಾಳಿಗೆ ಎದುರಾಗಿ ಹೊಡೆಯಬೇಡಿ, ಬರಿಗೈಯಲ್ಲಿ ಕಲಸಬೇಡಿ, ತೊಯ್ದ ಅಂಗಿಯಲ್ಲೇ ಊಟಕ್ಕೆ ಕೂರಬೇಡಿ. ಕ್ಲೋರ್‌ಪೈರಿಫಾಸ್, ಮೊನೊಕ್ರೊಟೊಫಾಸ್‌ನಂಥ ಕೀಟನಾಶಕ ಮೈಗೆ ಹತ್ತಿದರೆ ನರ ಮತ್ತು ಸ್ನಾಯು ಸಂಧಿಸುವಲ್ಲಿ ಎಡವಟ್ಟಾಗಿ ಜೊಲ್ಲು, ಬೆವರು, ಮಾಂಸಖಂಡ ಅದುರುವುದು ಶುರುವಾಗುತ್ತದೆ. ಹೆಚ್ಚು ವಿಷ ಒಳಹೋದವರು ಮೊದಲ ದಿನ ಚೇತರಿಸಿಕೊಂಡರೂ ಒಂದರಿಂದ ನಾಲ್ಕು ದಿನದೊಳಗೆ ಕುತ್ತಿಗೆ ಎತ್ತಲಾರದೆ ಉಸಿರಿನ ಸ್ನಾಯು ಸೋಲಬಹುದು. "ಆರಾಮ ಆಗ್ಯಾನ" ಎಂದು ಬೇಗ ಮನೆಗೆ ಕರೆತರಬೇಡಿ.

ಮಾತ್ರೆ, ಹೊಸ್ತಿಲು, ಭಜನೆಯ ತಾಳ

ಪಾರ್ಕಿನ್ಸನ್‌ಗೆ ಅರವತ್ತರ ದಶಕದಿಂದ ಮುಖ್ಯ ಔಷಧ ಲೆವೊಡೋಪ. ಮೆದುಳಿಗೆ ಹೋಗಿ ಡೋಪಮಿನ್ ಆಗುತ್ತದೆ. ಊಟಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ ತೆಗೆದುಕೊಳ್ಳುವುದು ಒಳ್ಳೆಯದು. ಬೇಳೆ, ಹಾಲು, ಮೊಟ್ಟೆಯ ಪ್ರೋಟೀನ್ ಅದರ ದಾರಿಗೆ ಅಡ್ಡ ನಿಲ್ಲುತ್ತದೆ. ಹಬ್ಬದ ಉಪವಾಸವೆಂದೋ, ಬೇರೆ ಕಾಯಿಲೆಗೆ ಆಸ್ಪತ್ರೆ ಸೇರಿದ್ದೇವೆಂದೋ ಒಮ್ಮೆಲೆ ನಿಲ್ಲಿಸಿದರೆ ಮೈ ಬಿಗಿದು ಜ್ವರ ಏರಿ ಜೀವಕ್ಕೆ ಅಪಾಯ. ಮಾತ್ರೆ ಯಾವ ಹೊತ್ತಿಗೆ ನುಂಗಿದರು, ಯಾವಾಗ ಕೈಕಾಲು ಸಡಿಲಾಯಿತು, ಯಾವಾಗ ಮತ್ತೆ ಬಿಗಿಯಿತು ಎಂದು ಒಂದು ವಾರ ಬರೆದಿಡಿ. ಡೋಸ್ ತಿದ್ದಲು ವೈದ್ಯರಿಗೆ ಇದಕ್ಕಿಂತ ಒಳ್ಳೆಯ ಕಾಗದ ಇನ್ನೊಂದಿಲ್ಲ.

ಇದೇ ಲೆವೊಡೋಪ ನಮ್ಮ ಬೇಲಿಯ ನಸುಗುನ್ನಿ ಬೀಜದಲ್ಲೂ ಇದೆ. ಮದ್ರಾಸಿನ ದಾಮೋದರನ್ ಮತ್ತು ರಾಮಸ್ವಾಮಿ 1937ರಲ್ಲೇ ಅದನ್ನು ಬೇರ್ಪಡಿಸಿ ತೋರಿಸಿದ್ದರು. ಹಾಗೆಂದು ಬೀಜ ಪುಡಿ ಮಾಡಿ ಮಾತ್ರೆಯ ಜೊತೆ ನುಂಗಿದರೆ ಪ್ರಮಾಣ ಅಂಕೆ ಮೀರಿ ವಾಂತಿ, ಭ್ರಮೆ, ಬೇಡದ ಕುಣಿತ ಶುರುವಾಗಬಹುದು. ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಂದ ಮುಚ್ಚಿಡಬೇಡಿ.

ಕೆಲವರು ಹೊಸ್ತಿಲ ಹತ್ತಿರ ಬಂದು ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತಾರೆ. ತಳ್ಳಬೇಡಿ, ಎಳೆಯಬೇಡಿ. ನೆಲದ ಮೇಲೆ ಹೆಜ್ಜೆಗೊಂದರಂತೆ ಬಣ್ಣದ ಪಟ್ಟಿ ಎಳೆಯಿರಿ, "ಗೆರೆ ದಾಟ್ರಿ ಅಜ್ಜಾ" ಎನ್ನಿ. ಇಲ್ಲವೇ ಭಜನೆಯ ತಾಳ ಹಾಕಿ. ತಾನಾಗಿ ನಡೆಸುವ ನರಗಂಟು ಸೋತಾಗ, ಕಣ್ಣಿಗೆ ಕಾಣುವ ಗೆರೆ, ಕಿವಿಗೆ ಬೀಳುವ ತಾಳ ಮೆದುಳಿನ ಬೇರೆ ದಾರಿಯಿಂದ ಕಾಲನ್ನು ಎಬ್ಬಿಸುತ್ತವೆ. ಬಚ್ಚಲಲ್ಲಿ ಹಿಡಿಕೆ ಹಾಕಿಸಿ, ಹಾಸಿಗೆಯಿಂದ ಎದ್ದ ಕೂಡಲೆ ನಿಲ್ಲದೆ ಒಂದು ನಿಮಿಷ ಕೂರಲಿ, ಉಣ್ಣುವಾಗ ಮಾತು ಬೇಡ. ದಿನವೂ ನಡಿಗೆ ತಪ್ಪದಿರಲಿ, ಕುಮುದ್ವತಿ ಹೊಳೆಯ ದಂಡೆಗೋ ಕದಂಬೇಶ್ವರ ಗುಡಿಗೋ, ಜೊತೆಗೊಬ್ಬರಿರಲಿ. ಮನಸ್ಸು ಕುಗ್ಗುವುದೂ ಈ ಕಾಯಿಲೆಯ ಭಾಗ. ರೋಗಿಗಾಗಲಿ, ನೋಡಿಕೊಳ್ಳುವ ಸೊಸೆಗಾಗಲಿ ತಾಳಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ಎಲ್ಲಿಗೆ, ಯಾವ ಕಾಗದದೊಂದಿಗೆ

ಮೊದಲು ಊರಿನ ಸರ್ಕಾರಿ ಆಸ್ಪತ್ರೆ, ಅಲ್ಲಿಂದ ಬರೆಸಿಕೊಂಡು ಹಾವೇರಿ ಜಿಲ್ಲಾ ಆಸ್ಪತ್ರೆ. ಮುಂದೆ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್), ಧಾರವಾಡದ ಡಿಮ್ಹಾನ್ಸ್, ಕೊನೆಗೆ ಬೆಂಗಳೂರಿನ ನಿಮ್ಹಾನ್ಸ್. ನಿಮ್ಹಾನ್ಸ್‌ನ ಮೊದಲ ನಿರ್ದೇಶಕ ಡಾ. ಆರ್. ಎಂ. ವರ್ಮ ಪಾರ್ಕಿನ್ಸನ್ ನಡುಕಕ್ಕೆ ಶಸ್ತ್ರಚಿಕಿತ್ಸೆಯ ತಮ್ಮದೇ ವಿಧಾನ ರೂಪಿಸಿದವರು. ಈಗ ಆಯ್ದ ರೋಗಿಗಳಿಗೆ ಮೆದುಳಿನಲ್ಲಿ ತೆಳು ತಂತಿ ಇಟ್ಟು ವಿದ್ಯುತ್ ಹರಿಸುವ ಚಿಕಿತ್ಸೆಯಿದೆ. ಖರ್ಚು ಲಕ್ಷಗಳಲ್ಲಿ, ಎಲ್ಲರಿಗೂ ಹೊಂದುವುದಿಲ್ಲ.

ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಯಾವ ಚಿಕಿತ್ಸೆ ಅದರಡಿ ಬರುತ್ತದೆ ಎಂದು ದಾಖಲಾಗುವ ಮುನ್ನ ಕೇಳಿ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 21 ಬಗೆಯ ವೈಕಲ್ಯಗಳಲ್ಲಿ ಪಾರ್ಕಿನ್ಸನ್ ಕೂಡ ಒಂದು. ಶೇ 40ಕ್ಕಿಂತ ಕಡಿಮೆಯಿಲ್ಲದ ವೈಕಲ್ಯ ದೃಢಪಟ್ಟರೆ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನ ಮೇಲೆ ಸೌಲಭ್ಯ ಕೇಳಬಹುದು.

ಇಷ್ಟೆಲ್ಲ ಕಾಗದದ ಜೊತೆ ಮೊಬೈಲ್ ಮರೆಯಬೇಡಿ. ವೈದ್ಯರ ಮುಂದೆ ಕೂತಾಗ ಎಷ್ಟೋ ಸಲ ಕೈ ನಡುಗುವುದೇ ಇಲ್ಲ, ಕಾಲು ಅಂಟುವುದೂ ಇಲ್ಲ. ಅದಕ್ಕೆ ಮನೆಯಲ್ಲೇ ನಾಲ್ಕು ತುಣುಕು ಚಿತ್ರಿಸಿಕೊಳ್ಳಿ: ಕೈ ತೊಡೆಯ ಮೇಲಿಟ್ಟು ಸುಮ್ಮನೆ ಕೂತದ್ದು, ತುಂಬಿದ ಲೋಟ ಬಾಯಿಗೆ ಒಯ್ದದ್ದು, ಪಡಸಾಲೆಯಲ್ಲಿ ನಡೆದು ತಿರುಗಿ ಬಂದದ್ದು, ಒಂದು ಸಾಲು ಬರೆದದ್ದು. ಒಟ್ಟು ಎರಡು ನಿಮಿಷ. ರಟ್ಟೀಹಳ್ಳಿಯ ಚಹಾದಂಗಡಿಯಲ್ಲಿ ಎಲ್ಲರೂ ನೋಡಿಯೂ ನೋಡದೆ ಬಿಟ್ಟದ್ದು ಆ ಎರಡು ನಿಮಿಷದಲ್ಲಿ ವೈದ್ಯರ ಕಣ್ಣಿಗೆ ಬೀಳುತ್ತದೆ.